ಫ್ರಾನ್ಸ್ವಾ ಜಕೋಬ್ ಮತ್ತು ಮಲಗಿದ್ದ ವೈರಸ್ಸು

ಸೆಕೆಂಡ್ ಪಿಯುಸಿಯಲ್ಲಿ ಬಯಾಲಜಿ ಓದಿದವರಿಗೆ ಲ್ಯಾಕ್ ಒಪೆರಾನ್ (ಲ್ಯಾಕ್ಟೋಸ್ ಅನ್ನೋ ಸಕ್ಕರೆಯನ್ನು ಬಳಸಲು ಬ್ಯಾಕ್ಟೀರಿಯಾದಲ್ಲಿರುವ ಜೀನ್‌ಗಳ ಸಾಲು) ಅಂದ ಕೂಡಲೇ ಒಂದು ಚಿತ್ರ ನೆನಪಾಗುತ್ತದೆ. ಒಂದು ಉದ್ದನೆ ಗೆರೆ, ಅದರ ಮೇಲೆ ಸಾಲಾಗಿ ಚೌಕಗಳು. ಲ್ಯಾಕ್ಟೋಸ್ ಇಲ್ಲದಾಗ ಜೀನ್‌ಗಳನ್ನು ಮುಚ್ಚುವ ರಿಪ್ರೆಸರ್ ಬಂದು ಕೂರುತ್ತದೆ. ಲ್ಯಾಕ್ಟೋಸ್ ಬಂದಾಗ ಎದ್ದು ಹೋಗುತ್ತದೆ. ಪರೀಕ್ಷೆಗೆ ಬರುವ ಪ್ರಶ್ನೆ ಅಂತ ಎಲ್ಲರೂ ಬರೆದು ಬರೆದು ಕೈ ಪಳಗಿಸಿಕೊಂಡಿರುತ್ತಾರೆ. ಜೊತೆಗೆ ಜಕೋಬ್, ಮೊನೊ ಅನ್ನೋ ಎರಡು ಹೆಸರು.

ನಾನು ಎಂ.ಎಸ್ಸಿ. ಮಕ್ಕಳಿಗೆ ಮಾಲಿಕ್ಯುಲರ್ ಬಯಾಲಜಿ ಪಾಠ ಮಾಡುವವಳು. ಪ್ರತಿ ಬ್ಯಾಚಿನಲ್ಲೂ ಈ ಚಿತ್ರ ಗೊತ್ತಿರುವವರೇ ಬರುತ್ತಾರೆ. ಸಕ್ಕರೆ ಗೊತ್ತು, ಎಂಜೈಮ್ ಗೊತ್ತು, ರಿಪ್ರೆಸರ್ ಗೊತ್ತು. ಆದರೆ ಈ ಕಥೆಯೊಳಗೆ ಒಂದು ವೈರಸ್ ಇತ್ತು ಅನ್ನೋದು ಹೆಚ್ಚಿನವರಿಗೆ ಗೊತ್ತೇ ಇರುವುದಿಲ್ಲ. 1965ರ ವೈದ್ಯಕೀಯ ನೊಬೆಲ್ ಮೂವರಿಗೆ ಹೋಯಿತು: ಫ್ರಾನ್ಸ್ವಾ ಜಕೋಬ್, ಆಂದ್ರೆ ಲ್ವೋಫ್, ಜಾಕ್ ಮೊನೊ. ಜೀವಕೋಶದೊಳಗೆ ಎಂಜೈಮ್ ಮತ್ತು ವೈರಸ್ ತಯಾರಾಗುವುದನ್ನು ಜೀನ್‌ಗಳು ಹೇಗೆ ಹಿಡಿತದಲ್ಲಿಡುತ್ತವೆ ಅಂತ ಕಂಡುಹಿಡಿದದ್ದಕ್ಕೆ. ಎಂಜೈಮಿನ ಕಥೆ ಪಾಠಕ್ಕೆ ಬಂತು. ವೈರಸ್ಸಿನ ಕಥೆ ಹೊರಗೇ ಉಳಿಯಿತು.

ನನಗಂತೂ ಹೊರಗೆ ಉಳಿದ ಆ ಅರ್ಧವೇ ಜಾಸ್ತಿ ಇಷ್ಟ. ಅದಿಲ್ಲದಿದ್ದರೆ ಈ ಅರ್ಧವೂ ಆ ರೂಪದಲ್ಲಿ ಹುಟ್ಟುತ್ತಿರಲಿಲ್ಲ ಅನ್ನೋದು ನನ್ನ ನಂಬಿಕೆ. ಅದಕ್ಕೇ ಈ ಬರಹ.

ಜಕೋಬ್ ಹುಟ್ಟಿದ್ದು 1920ರಲ್ಲಿ, ಫ್ರಾನ್ಸಿನ ನಾನ್ಸಿ ಊರಿನಲ್ಲಿ. ಸರ್ಜನ್ ಆಗಬೇಕು ಅಂತ ಪ್ಯಾರಿಸ್‌ನಲ್ಲಿ ವೈದ್ಯಕೀಯ ಓದುತ್ತಿದ್ದರು. 1940ರ ಜೂನ್‌ನಲ್ಲಿ ಜರ್ಮನ್ ಸೈನ್ಯ ಪ್ಯಾರಿಸ್‌ಗೆ ನುಗ್ಗಿತು. ತಾಯಿ ಅದಕ್ಕೆ ಸ್ವಲ್ಪ ಮೊದಲಷ್ಟೇ ತೀರಿಕೊಂಡಿದ್ದರು. ಇಪ್ಪತ್ತರ ಹುಡುಗ ಹಡಗು ಹತ್ತಿ ಇಂಗ್ಲೆಂಡಿಗೆ ಹೋಗಿ, ಡಿ ಗಾಲ್ ಅವರ ಫ್ರೀ ಫ್ರೆಂಚ್ ಪಡೆ ಸೇರಿದರು. ಮುಂದೆ ನಿಂತು ಹೋರಾಡಬೇಕು ಅನ್ನೋ ಆಸೆ. ಆದರೆ ಅರ್ಧ ಡಾಕ್ಟರ್ ಆಗಿದ್ದವರನ್ನು ಪಡೆ ವೈದ್ಯಕೀಯ ವಿಭಾಗಕ್ಕೇ ಹಾಕಿತು. ಆಫ್ರಿಕಾದ ಮರುಭೂಮಿಯಲ್ಲಿ ಗಾಯಾಳುಗಳನ್ನು ನೋಡಿಕೊಂಡರು. 1944ರ ಆಗಸ್ಟ್‌ನಲ್ಲಿ ನಾರ್ಮಂಡಿಯಲ್ಲಿ ವಿಮಾನದಾಳಿ ನಡೆಯಿತು. ಬಾಂಬಿನ ಚೂರುಗಳು ಬಲಗೈಗೂ ಕಾಲಿಗೂ ಹೊಕ್ಕವು. ತಿಂಗಳುಗಟ್ಟಲೆ ಆಸ್ಪತ್ರೆ. ಸರ್ಜನ್ ಆಗುವ ಆಸೆ ಅಲ್ಲಿಗೇ ಮುಗಿಯಿತು.

1947ರಲ್ಲಿ ವೈದ್ಯಕೀಯ ಪದವಿಯೇನೋ ಮುಗಿಸಿದರು. ಆ್ಯಂಟಿಬಯೋಟಿಕ್ ತಯಾರಿಕೆಯ ಕೆಲಸದಲ್ಲೂ ಸ್ವಲ್ಪ ದಿನ ಕೈಯಾಡಿಸಿದರು. ಯಾವುದೂ ಹಿಡಿಸಲಿಲ್ಲ. ಸಂಶೋಧನೆ ಅಂದರೆ ಏನು ಅಂತಲೇ ಸರಿಯಾಗಿ ಗೊತ್ತಿರದ, ಹೆಂಡತಿ ಮಕ್ಕಳಿರುವ, ಮೂವತ್ತು ಹತ್ತಿರವಾದ ಒಬ್ಬ ಗಾಯಾಳು ಸೈನಿಕ ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಗೆ ಹೋಗಿ ಆಂದ್ರೆ ಲ್ವೋಫ್ ಅವರ ಬಾಗಿಲು ತಟ್ಟಿದರು. ಜಾಗ ಇಲ್ಲ ಅಂದರು ಲ್ವೋಫ್. ಮತ್ತೆ ಹೋದರು, ಮತ್ತೆ ಅದೇ ಉತ್ತರ. ಜಕೋಬ್ ಪಟ್ಟು ಬಿಡಲಿಲ್ಲ. 1950ರ ಜೂನ್‌ನಲ್ಲಿ ಮತ್ತೊಮ್ಮೆ ಹೋದಾಗ ಲ್ವೋಫ್ ಬಹಳ ಖುಷಿಯಲ್ಲಿದ್ದರು. ಪ್ರೊಫೇಜನ್ನು ಎಬ್ಬಿಸುವ ದಾರಿ ಸಿಕ್ಕಿದೆ ಅಂತ ಹೇಳಿ, ಫೇಜ್ ಮೇಲೆ ಕೆಲಸ ಮಾಡುತ್ತೀರಾ ಅಂತ ಕೇಳಿದರು. ಪ್ರೊಫೇಜ್ ಅಂದರೇನು ಅಂತ ಜಕೋಬ್‌ಗೆ ಆಗ ಗೊತ್ತಿರಲಿಲ್ಲ. ಅದೇ ತನಗೆ ಬೇಕಾದ್ದು ಅಂದುಬಿಟ್ಟರು. ಹೊರಗೆ ಬಂದವರು ಮೊದಲು ಮಾಡಿದ ಕೆಲಸ, ಆ ಮಾತಿನ ಅರ್ಥ ಹುಡುಕಿದ್ದು.

ಪ್ರೊಫೇಜ್ ಅಂದರೆ ಮಲಗಿರುವ ವೈರಸ್. ಬ್ಯಾಕ್ಟೀರಿಯಾಗಳಿಗೂ ವೈರಸ್ ಅಂಟುತ್ತದೆ, ಅವೇ ಫೇಜ್‌ಗಳು. ಕೆಲವು ಫೇಜ್ ಹೊಕ್ಕ ಕೂಡಲೇ ನೂರಾರು ಮರಿಗಳನ್ನು ಮಾಡಿ, ಬ್ಯಾಕ್ಟೀರಿಯಾವನ್ನು ಒಡೆದು ಹೊರಬರುತ್ತವೆ. ಇನ್ನು ಕೆಲವು ಹಾಗೆ ಮಾಡಬಹುದು, ಮಾಡದೆಯೂ ಇರಬಹುದು. ಒಳಗೆ ಸೇರಿ, ತಮ್ಮ ಡಿಎನ್‌ಎಯನ್ನು ಬ್ಯಾಕ್ಟೀರಿಯಾದ ಡಿಎನ್‌ಎ ಜೊತೆಗೇ ಸೇರಿಸಿಕೊಂಡು ಸುಮ್ಮನಾಗಿಬಿಡುತ್ತವೆ. ಬ್ಯಾಕ್ಟೀರಿಯಾ ಎರಡಾದಾಗ ವೈರಸ್ಸಿನ ಜೀನ್‌ಗಳೂ ಎರಡಾಗುತ್ತವೆ. ತಲೆಮಾರು ಕಳೆದರೂ ಸದ್ದಿಲ್ಲ. ಯಾವಾಗಲೋ ಒಂದು ದಿನ, ಯಾವುದೋ ಒಂದು ಕೋಶದಲ್ಲಿ ಎದ್ದು ಒಡೆದು ಬರುತ್ತವೆ.

ಇಂಥದ್ದೊಂದು ಇದೆ ಅಂತ ಪಾಶ್ಚರ್ ಸಂಸ್ಥೆಯಲ್ಲೇ ಯೂಜೀನ್ ಮತ್ತು ಎಲಿಜಬೆತ್ ವೊಲ್ಮನ್ ದಂಪತಿ 1930ರ ದಶಕದಲ್ಲೇ ಕೆಲಸ ಮಾಡಿ ತೋರಿಸಿದ್ದರು. ಅವರು ಯಹೂದಿಗಳು. 1943ರ ಡಿಸೆಂಬರ್‌ನಲ್ಲಿ ಅವರನ್ನು ಹಿಡಿದು ಆಶ್‌ವಿಟ್ಜ್‌ಗೆ ಸಾಗಿಸಿದರು. ಇಬ್ಬರೂ ಹಿಂದಿರುಗಲಿಲ್ಲ. ಯುದ್ಧ ಮುಗಿದ ಮೇಲೆ ಅವರ ಮಗ ಎಲಿ ವೊಲ್ಮನ್ ಅದೇ ಸಂಸ್ಥೆಯಲ್ಲಿ, ಅಪ್ಪ ಅಮ್ಮ ಬಿಟ್ಟುಹೋದ ಅದೇ ಪ್ರಶ್ನೆ ಹಿಡಿದು ಕೂತರು. ಜಕೋಬ್ ಜೊತೆ ಹತ್ತು ವರ್ಷ ಹೆಗಲು ಕೊಟ್ಟವರು ಈ ಎಲಿ. ಈ ಭಾಗ ಬಂದಾಗ ಪಾಠ ನಿಧಾನ ಮಾಡುತ್ತೇನೆ. ಮಕ್ಕಳಿಗೆ ಆ ಹೆಸರುಗಳು ಗೊತ್ತಿರಬೇಕು.

ಅಟ್ಲಾಂಟಿಕ್‌ನ ಆಚೆ ಆಗ ಮ್ಯಾಕ್ಸ್ ಡೆಲ್‌ಬ್ರುಕ್ ಅವರ ಗುಂಪು ಫೇಜ್ ಸಂಶೋಧನೆಯಲ್ಲಿ ಮುಂದಿತ್ತು. ಅವರು ಆರಿಸಿಕೊಂಡದ್ದು ಟಿ ಸರಣಿಯ ಫೇಜ್‌ಗಳನ್ನು. ಹೊಕ್ಕರೆ ಅರ್ಧ ಗಂಟೆಯೊಳಗೆ ಒಡೆದು ಬರುವಂಥವು. ಲೆಕ್ಕ ಇಡಲು ಅನುಕೂಲ, ಪ್ರಯೋಗ ಅಚ್ಚುಕಟ್ಟು. ಮಲಗುವ ವೈರಸ್ ಅನ್ನೋದನ್ನು ಅವರಲ್ಲಿ ಬಹಳ ಮಂದಿ ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಎಲ್ಲೋ ಹೊರಗಿನ ಫೇಜ್ ಅಂಟಿಕೊಂಡಿರಬೇಕು, ಕೆಲಸ ಶುಚಿಯಾಗಿಲ್ಲ ಅಂತ ಅವರ ಗುಮಾನಿ.

ಲ್ವೋಫ್ ಆ ಗುಮಾನಿಗೆ ಉತ್ತರ ಕೊಟ್ಟ ರೀತಿ ನನಗೆ ಬಹಳ ಮೆಚ್ಚುಗೆ. ಒಂದೇ ಒಂದು ಬ್ಯಾಕ್ಟೀರಿಯಾವನ್ನು ಸಣ್ಣ ಹನಿಯೊಳಗೆ ಇಟ್ಟರು. ಸೂಕ್ಷ್ಮದರ್ಶಕದಡಿ ಕಣ್ಣಿಟ್ಟು ಕೂತರು. ಅದು ಎರಡಾದಾಗ ಒಂದನ್ನು ತೆಗೆದು ಬೇರೆ ಹನಿಗೆ ಹಾಕಿದರು. ಹೀಗೆ 19 ಸಲ ಇಬ್ಭಾಗವಾಗುವ ತನಕ ಹಿಂಬಾಲಿಸಿದರು. ಸುತ್ತಲಿನ ದ್ರವದಲ್ಲಿ ಒಂದು ಫೇಜೂ ಇಲ್ಲ. ಆದರೂ ಪ್ರತಿ ಮರಿಯೂ ಫೇಜ್ ಹುಟ್ಟಿಸುವ ಗುಣವನ್ನು ಹೊತ್ತೇ ಇತ್ತು. ಅಂದರೆ ವೈರಸ್ ಹೊರಗಿಲ್ಲ, ಒಳಗಿದೆ. ಆಮೇಲೆ ಅದನ್ನು ಬೇಕೆಂದಾಗ ಎಬ್ಬಿಸಲು ಏನೇನೋ ಮಾಡಿ ನೋಡಿದರು. ಕೊನೆಗೆ ಕೆಲಸ ಮಾಡಿದ್ದು ನೇರಳಾತೀತ ಬೆಳಕು. ಸ್ವಲ್ಪ ಹೊತ್ತು ಬೆಳಕು ತೋರಿಸಿದರೆ ಗಂಟೆ ಕಳೆಯುವಷ್ಟರಲ್ಲಿ ಹೆಚ್ಚುಕಡಿಮೆ ಎಲ್ಲ ಬ್ಯಾಕ್ಟೀರಿಯಾಗಳೂ ಒಡೆದು ಫೇಜ್ ಹೊರಬರುತ್ತಿತ್ತು. ಜಕೋಬ್ ಬಾಗಿಲು ತಟ್ಟಿದ ದಿನ ಲ್ವೋಫ್ ಖುಷಿಯಾಗಿದ್ದು ಇದಕ್ಕೇ.

ಇದನ್ನು ಇವತ್ತು ಯಾವ ಕಾಲೇಜಿನ ಲ್ಯಾಬ್‌ನಲ್ಲಾದರೂ ನೋಡಬಹುದು. ಈಗ ಬಳಸುವುದು ಲ್ಯಾಂಬ್ಡಾ ಫೇಜ್. ಇ. ಕೋಲೈ ಬ್ಯಾಕ್ಟೀರಿಯಾದಲ್ಲಿ ಮಲಗಿದ್ದ ಇದನ್ನು 1950ರ ಆಸುಪಾಸಿನಲ್ಲಿ ಗುರುತಿಸಿದವರು ಅಮೆರಿಕದ ಎಸ್ತರ್ ಲೆಡರ್‌ಬರ್ಗ್. ಬ್ಯಾಕ್ಟೀರಿಯಾವನ್ನೂ ಫೇಜನ್ನೂ ತೆಳು ಅಗರ್‌ನಲ್ಲಿ ಬೆರೆಸಿ ಪೆಟ್ರಿ ಡಿಶ್ ಮೇಲೆ ಹೊಯ್ದು, ರಾತ್ರಿಯಿಡೀ 37 ಡಿಗ್ರಿಯಲ್ಲಿ ಇಡುತ್ತೇವೆ. ಬೆಳಿಗ್ಗೆ ತೆಗೆದರೆ ಪ್ಲೇಟಿನ ತುಂಬ ಬ್ಯಾಕ್ಟೀರಿಯಾದ ಬೆಳ್ಳಗಿನ ಪದರ. ಅದರಲ್ಲಿ ಅಲ್ಲಲ್ಲಿ ತೂತು. ಅವೇ ಪ್ಲಾಕ್‌ಗಳು, ಫೇಜ್ ಕೊಂದ ಜಾಗ. ಟಿ4 ಫೇಜಿನ ಪ್ಲಾಕ್ ಗಾಜಿನ ಹಾಗೆ ತಿಳಿ. ಲ್ಯಾಂಬ್ಡಾದ ಪ್ಲಾಕನ್ನು ಬೆಳಕಿಗೆ ಹಿಡಿದರೆ ನಡುವೆ ಮಬ್ಬು. ಫೇಜ್ ಸರಿಯಾಗಿ ಕೆಲಸ ಮಾಡಿಲ್ಲ ಮೇಡಂ ಅಂತ ಮಕ್ಕಳು ಓಡಿ ಬರುತ್ತಾರೆ. ಆ ಮಬ್ಬಿನಿಂದ ಕಡ್ಡಿ ತುದಿಯಲ್ಲಿ ಒಂಚೂರು ಗೀರಿ ತೆಗೆದು ಬೆಳೆಸಿ ಅನ್ನುತ್ತೇನೆ. ಬೆಳೆಯುತ್ತದೆ. ಅದೇ ಫೇಜನ್ನು ಮತ್ತೆ ಸುರಿಯಿರಿ ಅನ್ನುತ್ತೇನೆ. ಏನೂ ಆಗುವುದಿಲ್ಲ! ಒಳಗೆ ಒಂದು ಲ್ಯಾಂಬ್ಡಾ ಮಲಗಿರುವ ಬ್ಯಾಕ್ಟೀರಿಯಾವನ್ನು ಹೊರಗಿನ ಲ್ಯಾಂಬ್ಡಾ ಕೊಲ್ಲಲಾರದು. ಆಮೇಲೆ ಅದೇ ಬ್ಯಾಕ್ಟೀರಿಯಾವನ್ನು ಯುವಿ ದೀಪದಡಿ ಕೆಲವು ಸೆಕೆಂಡ್ ಇಟ್ಟು, ಫ್ಲಾಸ್ಕಿಗೆ ಫಾಯಿಲ್ ಸುತ್ತಿ ಶೇಕರ್‌ಗೆ ಹಾಕುತ್ತೇವೆ. ಕದಡಿದ ಹಾಗಿದ್ದ ದ್ರವ ನೋಡನೋಡುತ್ತ ತಿಳಿಯಾಗುತ್ತದೆ. ಒಂದು ಜೀವ ಇನ್ನೊಂದರೊಳಗೆ ಅಷ್ಟು ಹೊತ್ತು ಬಾಯಿ ಮುಚ್ಚಿಕೊಂಡು ಇತ್ತು ಅನ್ನೋದು ಆಗ ಕಣ್ಣಿಗೇ ಕಾಣುತ್ತದೆ.

ಬಾಯಿ ಮುಚ್ಚಿಸಿದ್ದು ಯಾರು? ಜಕೋಬ್ ಮತ್ತು ಎಲಿ ವೊಲ್ಮನ್ ಹಿಡಿದದ್ದು ಈ ಪ್ರಶ್ನೆಯನ್ನು.

ಗಂಡು ಬ್ಯಾಕ್ಟೀರಿಯಾ ಹೆಣ್ಣಿಗೆ ತನ್ನ ಡಿಎನ್‌ಎಯನ್ನು ಸಾಗಿಸುತ್ತದೆ ಅಂತ ಆ ಹೊತ್ತಿಗೆ ಗೊತ್ತಾಗಿತ್ತು. ಪೂರ್ತಿ ಸಾಗಲು ಸುಮಾರು 100 ನಿಮಿಷ ಬೇಕು. ಇವರಿಬ್ಬರೂ ಅಡಿಗೆಮನೆಯ ಮಿಕ್ಸಿಯನ್ನು ಲ್ಯಾಬಿಗೆ ತಂದರು. ಜೋಡಿಗಳನ್ನು ಬೇರೆ ಬೇರೆ ನಿಮಿಷಕ್ಕೆ ಅದರಲ್ಲಿ ತಿರುಗಿಸಿ ಬಿಡಿಸಿ, ಯಾವ ಜೀನ್ ಯಾವ ನಿಮಿಷಕ್ಕೆ ದಾಟಿತು ಅಂತ ನಕ್ಷೆ ಬರೆದರು. ಆಗ ಒಂದು ವಿಚಿತ್ರ ಕಂಡಿತು. ಗಂಡಿನಲ್ಲಿ ಲ್ಯಾಂಬ್ಡಾ ಮಲಗಿದೆ, ಹೆಣ್ಣಿನಲ್ಲಿ ಇಲ್ಲ ಅಂತಿಟ್ಟುಕೊಳ್ಳಿ. ಪ್ರೊಫೇಜ್ ಇರುವ ಭಾಗ ಹೆಣ್ಣಿನೊಳಗೆ ದಾಟಿದ ಕೂಡಲೇ ವೈರಸ್ ಎದ್ದುಬಿಡುತ್ತದೆ, ಹೆಣ್ಣು ಒಡೆದುಹೋಗುತ್ತದೆ. ಹೆಣ್ಣಿನಲ್ಲಿ ಆಗಲೇ ಲ್ಯಾಂಬ್ಡಾ ಮಲಗಿದ್ದರೆ ಮಾತ್ರ ಏನೂ ಆಗುವುದಿಲ್ಲ. ದಾಟಿದ್ದು ಡಿಎನ್‌ಎ ಮಾತ್ರ. ಅದನ್ನು ಸುಮ್ಮನಿರಿಸಿದ್ದ ವಸ್ತು ಗಂಡಿನ ಕೋಶದ ರಸದಲ್ಲೇ ಉಳಿದುಹೋಯಿತು. ಹೊಸ ಕೋಶದಲ್ಲಿ ಆ ವಸ್ತು ಇಲ್ಲ, ಹಾಗಾಗಿ ವೈರಸ್ಸಿಗೆ ತಡೆಯೂ ಇಲ್ಲ. ಪ್ರಯೋಗ ಎಷ್ಟು ಸರಳ, ಅದು ಹೇಳಿದ ಮಾತು ಎಷ್ಟು ದೊಡ್ಡದು ಅಲ್ವಾ!

ಇವರ ಪ್ರಯೋಗಾಲಯ ಇದ್ದದ್ದು ಸಂಸ್ಥೆಯ ಅಟ್ಟದ ಮೇಲೆ. ಅದೇ ಅಟ್ಟದ ಇನ್ನೊಂದು ಕೊನೆಯಲ್ಲಿ ಜಾಕ್ ಮೊನೊ ಮತ್ತು ಅವರ ಸಂಗಡಿಗರು. ಅವರಿಗೆ ವೈರಸ್ಸಿನ ಗೊಡವೆ ಇಲ್ಲ. ಅವರ ಪ್ರಶ್ನೆ ಲ್ಯಾಕ್ಟೋಸ್. ಈ ಸಕ್ಕರೆ ಇದ್ದಾಗ ಮಾತ್ರ ಬ್ಯಾಕ್ಟೀರಿಯಾ ಅದನ್ನು ಒಡೆಯುವ ಎಂಜೈಮ್ ಮಾಡುತ್ತದೆ, ಇಲ್ಲದಾಗ ಮಾಡುವುದಿಲ್ಲ. ಸಕ್ಕರೆ ಹೋಗಿ ಎಂಜೈಮ್ ತಯಾರಿಕೆಯನ್ನು ಶುರು ಮಾಡಿಸುತ್ತದೆ ಅಂತ ಮೊನೊ ಬಹಳ ಕಾಲ ನಂಬಿದ್ದರು. ಯಾರಾದರೂ ಹಾಗೇ ಅಂದುಕೊಳ್ಳುತ್ತಾರೆ.

1957ರಲ್ಲಿ ಅಮೆರಿಕದಿಂದ ಆರ್ಥರ್ ಪಾರ್ಡಿ ಬಂದರು. ಜಕೋಬ್ ಅವರ ಗಂಡು ಹೆಣ್ಣಿನ ವಿಧಾನವನ್ನು ಮೊನೊ ಅವರ ಸಕ್ಕರೆಯ ಪ್ರಶ್ನೆಗೆ ಹಾಕಿದರು. ಎಂಜೈಮಿನ ಜೀನೂ ಸರಿಯಿರುವ, ಹಿಡಿತದ ಜೀನೂ ಸರಿಯಿರುವ ಗಂಡು. ಎರಡೂ ಕೆಟ್ಟಿರುವ ಹೆಣ್ಣು. ಸಕ್ಕರೆ ಹಾಕಲೇ ಇಲ್ಲ. ಆದರೂ ಜೀನ್ ದಾಟಿದ ಕೆಲವೇ ನಿಮಿಷದಲ್ಲಿ ಎಂಜೈಮ್ ತಯಾರಾಗಲು ಶುರು! ಗಂಟೆ ಎರಡು ಗಂಟೆ ಕಳೆದ ಮೇಲೆ ತಾನಾಗಿಯೇ ನಿಂತಿತು. ಹಿಡಿತದ ಜೀನ್ ಮಾಡುವ ವಸ್ತು ಅಷ್ಟು ಹೊತ್ತಿಗೆ ಹೊಸ ಕೋಶದಲ್ಲಿ ತುಂಬಿಕೊಂಡು ಬಾಗಿಲು ಹಾಕಿತ್ತು. ಅಂದರೆ ಸಕ್ಕರೆ ಯಾವುದನ್ನೂ ಶುರು ಮಾಡಿಸುವುದಿಲ್ಲ. ತಡೆಯನ್ನು ತೆಗೆಯುತ್ತದೆ, ಅಷ್ಟೇ. ತಡೆ ತೆಗೆದರೆ ಸಾಕಲ್ಲ ಅನ್ನೋ ಮಾತನ್ನು ಭೌತಶಾಸ್ತ್ರಜ್ಞ ಲಿಯೋ ಸಿಲಾರ್ಡ್ ಕೂಡ ಆ ದಿನಗಳಲ್ಲಿ ಒತ್ತಿ ಹೇಳುತ್ತಿದ್ದರು.

ಈಗ ಎರಡು ಪ್ರಯೋಗವನ್ನೂ ಪಕ್ಕಪಕ್ಕ ಇಟ್ಟು ನೋಡಿ. ಜೀನ್ ಹೊಸ ಕೋಶಕ್ಕೆ ದಾಟುತ್ತದೆ, ತಡೆಯುವ ವಸ್ತು ಹಿಂದೆ ಉಳಿಯುತ್ತದೆ, ಜೀನ್ ಬಾಯಿ ಬಿಡುತ್ತದೆ. ಒಂದರಲ್ಲಿ ವೈರಸ್, ಇನ್ನೊಂದರಲ್ಲಿ ಎಂಜೈಮ್. ಈಗ ನಮಗೆ ಇದು ಕಣ್ಣಿಗೆ ರಾಚುತ್ತದೆ. ಆಗ ಹಾಗಿರಲಿಲ್ಲ. ಎರಡೂ ಪ್ರಯೋಗದಲ್ಲಿ ಕೈ ಇದ್ದದ್ದು ಜಕೋಬ್ ಒಬ್ಬರದ್ದೇ. ಅವರಿಗೂ ಹೊಳೆಯಲು 1958ರ ಜುಲೈವರೆಗೆ ಕಾಯಬೇಕಾಯಿತು. ನ್ಯೂಯಾರ್ಕ್‌ನಲ್ಲಿ ಕೊಡಬೇಕಿದ್ದ ಉಪನ್ಯಾಸಕ್ಕೆ ತಯಾರಿ ನಡೆಸಿದ್ದರು, ಕೆಲಸ ಮುಂದೆ ಸಾಗುತ್ತಿರಲಿಲ್ಲ. ಭಾನುವಾರ ಹೆಂಡತಿಯ ಜೊತೆ ಸಿನಿಮಾಕ್ಕೆ ಹೋದರು. ಕತ್ತಲಲ್ಲಿ ಕೂತಿದ್ದಾಗ ಎರಡೂ ಒಂದೇ ಅಂತ ಹೊಳೆಯಿತು. ಎರಡರಲ್ಲೂ ಜೀನ್ ಒಂದು ರಿಪ್ರೆಸರ್ ಮಾಡುತ್ತದೆ, ಅದು ನೇರವಾಗಿ ಡಿಎನ್‌ಎ ಮೇಲೇ ಹೋಗಿ ಕೂರುತ್ತದೆ, ಒಂದೇ ಏಟಿಗೆ ಸಾಲಾಗಿರುವ ಜೀನ್‌ಗಳನ್ನೆಲ್ಲ ಮುಚ್ಚುತ್ತದೆ.

ಈ ಘಟನೆಯನ್ನು ಸುಮ್ನೆ ಅದೃಷ್ಟ ಅಂತ ಹೇಳುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಡಿಎನ್‌ಎ ಮೇಲೇ ಕೂರುತ್ತದೆ ಅನ್ನೋ ಯೋಚನೆ ಎಂಜೈಮ್ ಒಂದನ್ನೇ ನೋಡುತ್ತಿದ್ದವರಿಗೆ ಬರುವುದು ಕಷ್ಟವಿತ್ತು. ಎಂಜೈಮ್ ಕಡಿಮೆಯಾಯಿತು ಅಂದರೆ ತಯಾರಾಗುವ ಹಂತದಲ್ಲಿ ಎಲ್ಲಿ ಬೇಕಾದರೂ ತಡೆ ಬಿದ್ದಿರಬಹುದು. ಪ್ರೊಫೇಜ್ ವಿಷಯ ಹಾಗಲ್ಲ. ಅಲ್ಲಿ ಒಂದಿಡೀ ವೈರಸ್ಸಿನ ಜೀನ್‌ಗಳು ಒಟ್ಟಿಗೇ ಮೌನ. ಒಂದೊಂದು ಪ್ರೋಟೀನನ್ನೂ ಬೇರೆ ಬೇರೆಯಾಗಿ ತಡೆಯುವುದು ಸಾಧ್ಯವೇ? ಬುಡದಲ್ಲೇ, ಡಿಎನ್‌ಎ ಹತ್ತಿರವೇ ತಡೆ ಇರಬೇಕು. ಎಂಟು ವರ್ಷ ಮಲಗಿದ ವೈರಸ್ಸಿನ ಜೊತೆ ಇದ್ದವರಿಗೆ ಮಾತ್ರ ಹೊಳೆಯುವಂಥ ಮಾತು ಇದು.

ಮೊನೊ ಮೊದಲು ಒಪ್ಪಲಿಲ್ಲ. ಎಂಜೈಮ್ ಸ್ವಲ್ಪವೂ ತಯಾರಾಗಬಹುದು, ಜಾಸ್ತಿಯೂ ತಯಾರಾಗಬಹುದು. ಬರೀ ಆನ್ ಆಫ್ ಸ್ವಿಚ್ಚಿನಿಂದ ಇದು ಹೇಗೆ ಬರುತ್ತದೆ? ಜಕೋಬ್‌ಗೆ ಉತ್ತರ ಸಿಕ್ಕಿದ್ದು ಮನೆಯಲ್ಲಿ. ಮಗ ಆಟದ ರೈಲು ಓಡಿಸುತ್ತಿದ್ದ. ವೇಗ ಹೆಚ್ಚು ಕಡಿಮೆ ಮಾಡುವ ಗುಂಡಿ ಅದಕ್ಕಿರಲಿಲ್ಲ. ಹುಡುಗ ಸ್ವಿಚ್ಚನ್ನೇ ಬೇಗಬೇಗ ಹಾಕಿ ತೆಗೆದು ರೈಲನ್ನು ಬೇಕಾದ ವೇಗದಲ್ಲಿ ಓಡಿಸುತ್ತಿದ್ದ. ರಿಪ್ರೆಸರ್ ಕೂಡ ಡಿಎನ್‌ಎ ಮೇಲೆ ಕೂತು ಎದ್ದು, ಕೂತು ಎದ್ದು ಮಾಡಿದರೆ ಆಯಿತಲ್ಲ!

ಆಮೇಲೆ ಇಬ್ಬರೂ ಸೇರಿ ಕೂತರು. ರಿಪ್ರೆಸರ್ ಕೂರುವ ಜಾಗವೊಂದು ಇದ್ದರೆ ಆ ಜಾಗವೂ ಕೆಡಬಹುದು. ಕೆಟ್ಟರೆ ರಿಪ್ರೆಸರ್ ಎಷ್ಟೇ ಇದ್ದರೂ ಜೀನ್ ಮುಚ್ಚಿಕೊಳ್ಳಬಾರದು. ಲ್ಯಾಂಬ್ಡಾದಲ್ಲಿ ಅಂಥ ಮ್ಯುಟೆಂಟ್, ಅಂದರೆ ಡಿಎನ್‌ಎ ಬದಲಾದ ಫೇಜ್, ಮೊದಲೇ ಗೊತ್ತಿತ್ತು. ಮಲಗಿದ ಲ್ಯಾಂಬ್ಡಾ ಒಳಗಿದ್ದರೂ ಲೆಕ್ಕಿಸದೆ ಬ್ಯಾಕ್ಟೀರಿಯಾವನ್ನು ಕೊಲ್ಲುವ ಫೇಜ್ ಅದು. ಹಾಗಾದರೆ ಲ್ಯಾಕ್ಟೋಸ್ ಜೀನ್‌ಗಳಲ್ಲೂ ಅಂಥದ್ದು ಸಿಗಬೇಕು ಅಂತ ಹುಡುಕಿದರು. ಸಿಕ್ಕಿತು. ಆ ಜಾಗಕ್ಕೆ ಆಪರೇಟರ್ ಅಂತ, ಅದು ಆಳುವ ಸಾಲಿಗೆ ಒಪೆರಾನ್ ಅಂತ ಹೆಸರಿಟ್ಟರು. 1961ರಲ್ಲಿ ದೊಡ್ಡ ಪ್ರಬಂಧ ಬಂತು. ಪಿಯುಸಿ ಚಿತ್ರದಲ್ಲಿ ಓ ಅಂತ ಬರೆದ ಆ ಸಣ್ಣ ಚೌಕ ಇದೆಯಲ್ಲ, ಅದನ್ನು ಹುಡುಕಲು ದಾರಿ ತೋರಿಸಿದ್ದು ಒಂದು ವೈರಸ್.

ಅದೇ ಸುಮಾರಿಗೆ ಇನ್ನೊಂದು ಕೆಲಸ ನಡೆಯಿತು. ಅದನ್ನು ಬೇರೆಯಾಗಿಯೇ ಬರೆಯುವಷ್ಟಿದೆ, ಇಲ್ಲಿ ಚುಟುಕಾಗಿ ಹೇಳುತ್ತೇನೆ. ಜೀನ್ ದಾಟಿದ ನಿಮಿಷಗಳಲ್ಲೇ ಪ್ರೋಟೀನ್ ಬರುತ್ತದೆ ಅಂದರೆ ನಡುವೆ ಬೇಗ ಹುಟ್ಟಿ ಬೇಗ ಸಾಯುವ ಒಂದು ಸಂದೇಶವಾಹಕ ಇರಬೇಕು. 1960ರ ಗುಡ್ ಫ್ರೈಡೇ ದಿನ ಕೇಂಬ್ರಿಜ್‌ನಲ್ಲಿ ಸಿಡ್ನಿ ಬ್ರೆನ್ನರ್, ಫ್ರಾನ್ಸಿಸ್ ಕ್ರಿಕ್ ಎದುರು ಜಕೋಬ್ ತಮ್ಮ ಪ್ರಯೋಗ ವಿವರಿಸುತ್ತಿದ್ದಾಗ ಆ ಯೋಚನೆ ಗಟ್ಟಿಯಾಯಿತು. ಬೇಸಿಗೆಯಲ್ಲಿ ಜಕೋಬ್ ಮತ್ತು ಬ್ರೆನ್ನರ್ ಕ್ಯಾಲಿಫೋರ್ನಿಯಾದಲ್ಲಿ ಮ್ಯಾಥ್ಯೂ ಮೆಸೆಲ್ಸನ್ ಅವರ ಲ್ಯಾಬ್‌ಗೆ ಹೋದರು. ಪ್ರಯೋಗ ಕೈಕೊಡುತ್ತಲೇ ಇತ್ತು, ಪ್ರೋಟೀನ್ ಕಟ್ಟುವ ರೈಬೋಸೋಮ್‌ಗಳು ಬಿಚ್ಚಿಹೋಗುತ್ತಿದ್ದವು. ಸಮುದ್ರ ತೀರದಲ್ಲಿ ಸೋತು ಕೂತಿದ್ದಾಗ ಬ್ರೆನ್ನರ್ ಥಟ್ಟನೆ ಎದ್ದು ಮೆಗ್ನೀಸಿಯಂ ಅಂತ ಕೂಗಿದರು. ಓಡಿಹೋಗಿ ಮೆಗ್ನೀಸಿಯಂ ಹೆಚ್ಚು ಹಾಕಿದರು, ಪ್ರಯೋಗ ಕೆಲಸ ಮಾಡಿತು. ಅದೇ ಮೆಸೆಂಜರ್ ಆರ್‌ಎನ್‌ಎ. ಕೋವಿಡ್ ಲಸಿಕೆಯ ಹೊತ್ತಿಗೆ ಪೇಪರಿನಲ್ಲಿ ನಿತ್ಯ ಓದುತ್ತಿದ್ದೆವಲ್ಲ, ಆ ಎಂಆರ್‌ಎನ್‌ಎ. ಅದನ್ನು ತೋರಿಸಿದ ಪ್ರಯೋಗದಲ್ಲೂ ಇದ್ದದ್ದು ಫೇಜ್ ಹೊಕ್ಕ ಬ್ಯಾಕ್ಟೀರಿಯಾಗಳೇ. ಹಳೆಯ ರೈಬೋಸೋಮ್‌ಗಳ ಮೇಲೆ ಫೇಜಿನ ಹೊಸ ಆರ್‌ಎನ್‌ಎ ಬಂದು ಕೂತದ್ದನ್ನು ಅವರು ಕಂಡರು.

ರಿಪ್ರೆಸರ್ ಮಾತ್ರ ಆಗಲೂ ಕಾಗದದ ಮೇಲಿನ ವಸ್ತು. ಯಾರೂ ಕೈಯಲ್ಲಿ ಹಿಡಿದಿರಲಿಲ್ಲ. 1966ರಲ್ಲಿ ಹಾರ್ವರ್ಡ್‌ನಲ್ಲಿ ವಾಲ್ಟರ್ ಗಿಲ್ಬರ್ಟ್ ಮತ್ತು ಬೆನೊ ಮ್ಯುಲರ್-ಹಿಲ್ ಲ್ಯಾಕ್ ರಿಪ್ರೆಸರನ್ನು ಬೇರ್ಪಡಿಸಿದರು. ಅದೇ ಹಾರ್ವರ್ಡ್‌ನಲ್ಲಿ, ಅದರ ಬೆನ್ನಿಗೇ ಮಾರ್ಕ್ ಟಾಷ್ನಿ ಲ್ಯಾಂಬ್ಡಾದ ರಿಪ್ರೆಸರ್ ಹಿಡಿದರು. ಅದು ಪ್ರೋಟೀನ್, ಡಿಎನ್‌ಎ ಮೇಲೆ ನಿಗದಿತ ಜಾಗಕ್ಕೇ ಹೋಗಿ ಅಂಟಿಕೊಳ್ಳುತ್ತದೆ ಅಂತ ಸಾಬೀತಾಯಿತು. ಮುಂದೆ ಟಾಷ್ನಿ ಅವರ ಲ್ಯಾಬ್ ತೋರಿಸಿದ ಇನ್ನೊಂದು ವಿಷಯ ನನಗೆ ಇವತ್ತಿಗೂ ಮೈ ಜುಮ್ಮೆನ್ನಿಸುತ್ತದೆ. ಲ್ಯಾಂಬ್ಡಾದ ರಿಪ್ರೆಸರ್ ಉಳಿದ ಜೀನ್‌ಗಳನ್ನು ಮುಚ್ಚುತ್ತದೆ, ಅದೇ ಹೊತ್ತಿಗೆ ತನ್ನ ಸ್ವಂತ ಜೀನನ್ನು ಓಡಿಸುತ್ತದೆ. ಹಾಗಾಗಿ ಒಮ್ಮೆ ಮಲಗಿದ ವೈರಸ್ ಮಲಗಿಯೇ ಇರುತ್ತದೆ. ಯುವಿ ಬೆಳಕು ಬಿದ್ದು ಬ್ಯಾಕ್ಟೀರಿಯಾದ ಡಿಎನ್‌ಎ ಹಾಳಾದರೆ ಅದರ ರೆಕ್-ಎ ಪ್ರೋಟೀನ್ ಚುರುಕಾಗುತ್ತದೆ. ಆಗ ಲ್ಯಾಂಬ್ಡಾ ರಿಪ್ರೆಸರ್ ತಾನೇ ತುಂಡಾಗುತ್ತದೆ. ಉಳಿದ ಜೀನ್‌ಗಳು ತೆರೆದುಕೊಳ್ಳುತ್ತವೆ, ವೈರಸ್ ಜಾಗ ಖಾಲಿ ಮಾಡುತ್ತದೆ. ಅಟ್ಟದ ಮೇಲೆ 1950ರಲ್ಲಿ ಲ್ವೋಫ್ ಕಂಡದ್ದಕ್ಕೆ ಕಾರಣ ಸಿಕ್ಕಿತು.

ಡಾಕ್ಟರ್ ಆಗಬೇಕಿದ್ದವರು ಬ್ಯಾಕ್ಟೀರಿಯಾದ ವೈರಸ್ ಹಿಂದೆ ಹೋಗಿ ಏನು ಪ್ರಯೋಜನ ಅಂತ ಕೇಳುವವರಿಗೆ ನಾನು ಡಿಫ್ತೀರಿಯಾ ಉದಾಹರಣೆ ಕೊಡುತ್ತೇನೆ. ಮಕ್ಕಳ ಗಂಟಲು ಕಟ್ಟಿ ಕೊಲ್ಲುತ್ತಿದ್ದ ಈ ರೋಗದ ವಿಷದ ಜೀನ್ ಬ್ಯಾಕ್ಟೀರಿಯಾದ್ದಲ್ಲ. ಅದರೊಳಗೆ ಮಲಗಿರುವ ಫೇಜಿನದು. ಫೇಜಿಗೂ ಈ ವಿಷಕ್ಕೂ ನಂಟಿದೆ ಅಂತ 1951ರಲ್ಲೇ ಗೊತ್ತಾಗಿತ್ತು. ಆ ಜೀನನ್ನು ಮುಚ್ಚುವ ರಿಪ್ರೆಸರ್ ಮಾತ್ರ ಬ್ಯಾಕ್ಟೀರಿಯಾದ್ದು! ಕಬ್ಬಿಣ ಸಾಕಷ್ಟು ಸಿಕ್ಕಾಗ ಅದು ವಿಷದ ಜೀನನ್ನು ಮುಚ್ಚಿಡುತ್ತದೆ. ಮನುಷ್ಯನ ಮೈಯಲ್ಲಿ ಬ್ಯಾಕ್ಟೀರಿಯಾಕ್ಕೆ ಕಬ್ಬಿಣ ಸುಲಭಕ್ಕೆ ಸಿಗುವುದಿಲ್ಲ. ರಿಪ್ರೆಸರ್ ಬಿಟ್ಟುಕೊಡುತ್ತದೆ, ವಿಷ ತಯಾರಾಗುತ್ತದೆ. ಕಾಲರಾದ ವಿಷದ ಜೀನ್ ಕೂಡ ಫೇಜಿನದೇ ಅಂತ 1996ರಲ್ಲಿ ತಿಳಿಯಿತು.

ನಮ್ಮ ಅಜ್ಜಿಗೆ ಸರ್ಪಸುತ್ತು ಆಗಿತ್ತು. ಬೆನ್ನಿನಿಂದ ಪಕ್ಕೆಯ ಮೇಲೆ ಹಾದು ಎದೆಯ ಕೆಳಗಿನವರೆಗೆ ಗುಳ್ಳೆಗಳ ಪಟ್ಟಿ, ಉರಿಯೋ ಉರಿ. ನೋಡಲು ಬಂದವರೆಲ್ಲ ಒಂದೇ ಮಾತು: ಸುತ್ತು ಪೂರ್ತಿಯಾಗಿ ತಲೆ ಬಾಲ ಸೇರಿದರೆ ಜೀವಕ್ಕೆ ಅಪಾಯ. ಅಜ್ಜಿ ದಿನಾ ಕನ್ನಡಿ ಹಿಡಿಸಿ ಎಲ್ಲಿಗೆ ಬಂತು ಅಂತ ನೋಡಿಸಿಕೊಳ್ಳುತ್ತಿದ್ದರು. ಅದು ಮೈಯ ನಡುಗೆರೆ ದಾಟಲಿಲ್ಲ. ಸಾಮಾನ್ಯವಾಗಿ ದಾಟುವುದೂ ಇಲ್ಲ. ಚಿಕ್ಕಂದಿನಲ್ಲಿ ಬಂದ ಚಿಕನ್‌ಪಾಕ್ಸ್ ವೈರಸ್ ಬೆನ್ನುಹುರಿ ಪಕ್ಕ ಒಂದು ನರದ ಗಂಟಿನಲ್ಲಿ ಮಲಗಿರುತ್ತದೆ. ದಶಕಗಳ ನಂತರ ಎದ್ದರೆ ಆ ಒಂದು ನರ ಹೋಗುವ ದಾರಿಯಲ್ಲೇ ಹೊರಬರುತ್ತದೆ. ಆ ನರಕ್ಕೆ ಮೈಯ ಒಂದೇ ಪಕ್ಕ ಗೊತ್ತು. ಇದನ್ನು ಅಜ್ಜಿಗೆ ಕೂತು ಹೇಳಿದೆ. ಅಷ್ಟು ವರ್ಷ ಒಳಗೇ ಇತ್ತಾ ಅಂತ ಅವರಿಗೆ ಆಶ್ಚರ್ಯ. ಸರ್ಪದ ಭಯ ಮಾತ್ರ ಕಡಿಮೆಯಾಯಿತು.

ಜಕೋಬ್ ಮುಂದೆ ಬ್ಯಾಕ್ಟೀರಿಯಾ ಬಿಟ್ಟರು. 1970ರ ಆಸುಪಾಸಿನಲ್ಲಿ, ಐವತ್ತರ ವಯಸ್ಸಿನಲ್ಲಿ, ಇಲಿಯ ಕಡೆ ತಿರುಗಿದರು. ನೊಬೆಲ್ ಬಂದ ಮೇಲೆ ಗೊತ್ತಿಲ್ಲದ ಹೊಲಕ್ಕೆ ಇಳಿಯಲು ಧೈರ್ಯ ಬೇಕು. ಭ್ರೂಣದಲ್ಲಿ ಒಂದೇ ಜೀನ್‌ಗಳಿಂದ ಬೇರೆ ಬೇರೆ ಅಂಗ ಹೇಗಾಗುತ್ತದೆ ಅನ್ನೋದು ಅವರ ಹೊಸ ಪ್ರಶ್ನೆ. ಅದಕ್ಕೆ ಬಳಸಿದ್ದು ಟೆರಟೊಕಾರ್ಸಿನೋಮ ಅನ್ನೋ ಗೆಡ್ಡೆಯ ಕೋಶಗಳನ್ನು. ಇವು ಎಳೆ ಭ್ರೂಣದ ಕೋಶಗಳ ಹಾಗೆ ವರ್ತಿಸುತ್ತವೆ. ಇಲ್ಲೂ ಅವರ ಹಳೆಯ ಸಂಗಾತಿ ಎದುರಾಯಿತು. ಪಾಲಿಯೋಮಾದಂಥ ಇಲಿಯ ವೈರಸ್‌ಗಳು ಈ ಕೋಶಗಳೊಳಗೆ ಹೊಕ್ಕರೂ ಬಾಯಿ ಬಿಡುವುದಿಲ್ಲ. ಅದೇ ಕೋಶ ಬಲಿತು ಬೇರೆ ರೂಪ ತಾಳಿದ ಮೇಲೆ ಹೊಕ್ಕರೆ ಜೋರಾಗಿ ಬೆಳೆಯುತ್ತವೆ. ಏಕೆ ಹೀಗೆ ಅಂತ ಪಾಶ್ಚರ್ ಸಂಸ್ಥೆಯಲ್ಲೇ ಹಲವರು ಕೆಲಸ ಮಾಡಿದರು. ಜಕೋಬ್ 2013ರಲ್ಲಿ, 92ರ ವಯಸ್ಸಿನಲ್ಲಿ ತೀರಿಕೊಂಡರು.

ಅವರ ಪ್ರಶ್ನೆ ಈಗ ಎಚ್‌ಐವಿ ಲ್ಯಾಬ್‌ಗಳಲ್ಲಿದೆ. ಮಾತ್ರೆ ತೆಗೆದುಕೊಳ್ಳುವವರ ರಕ್ತದಲ್ಲಿ ಎಚ್‌ಐವಿ ಕಾಣದಷ್ಟು ಕಡಿಮೆಯಾಗುತ್ತದೆ. ಮಾತ್ರೆ ನಿಲ್ಲಿಸಿದರೆ ಹೆಚ್ಚಿನವರಲ್ಲಿ ವಾರಗಳಲ್ಲೇ ಮರಳಿ ಬರುತ್ತದೆ. ಕೆಲವು ಬಿಳಿ ರಕ್ತಕಣಗಳ ಡಿಎನ್‌ಎಯಲ್ಲಿ ಸೇರಿಕೊಂಡು ಅದು ಮಲಗಿರುವುದೇ ಕಾರಣ. ಎಚ್‌ಐವಿಯ ಡಿಎನ್‌ಎ ತುದಿಯಲ್ಲಿ ಎನ್‌ಎಫ್-ಕಪ್ಪಾಬಿ ಅನ್ನೋ ಪ್ರೋಟೀನ್ ಬಂದು ಕೂರುವ ಜಾಗಗಳಿವೆ. ಅದು ಕೂತರೆ ವೈರಸ್ ಏಳುತ್ತದೆ. ಅಮೆರಿಕ, ಯೂರೋಪಿನಲ್ಲಿ ಹೆಚ್ಚಿರುವ ಬಿ ಮಾದರಿಯ ಎಚ್‌ಐವಿಯಲ್ಲಿ ಸಾಮಾನ್ಯವಾಗಿ ಇಂಥ ಜಾಗ ಎರಡು. ಭಾರತದಲ್ಲಿ ಹೆಚ್ಚಿರುವ ಸಿ ಮಾದರಿಯಲ್ಲಿ ಮೂರು. ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ಗುಂಪು 2012ರಲ್ಲಿ ನಾಲ್ಕು ಜಾಗ ಇರುವ ವೈರಸ್‌ಗಳು ನಮ್ಮಲ್ಲಿ ತಲೆಯೆತ್ತುತ್ತಿರುವುದನ್ನು ವರದಿ ಮಾಡಿತು. ವೈರಸ್ ತನ್ನ ಸ್ವಿಚ್ಚನ್ನೇ ತಿದ್ದಿಕೊಳ್ಳುತ್ತಿದೆ. ಇದು ಅದರ ನಿದ್ದೆಯನ್ನು ಹೇಗೆ ಬದಲಿಸುತ್ತದೆ ಅನ್ನೋದು ಪ್ಯಾರಿಸ್ಸಿನ ಅಟ್ಟದ ಪ್ರಶ್ನೆಯೇ, ಈಗ ನಮ್ಮ ಊರಿನ ರೋಗಿಗಳಿಗೆ ನೇರ ಸಂಬಂಧಪಟ್ಟದ್ದು.

ಎಚ್‌ಐವಿ ಗುಣಪಡಿಸಲು ಎರಡು ದಾರಿ ಹುಡುಕುತ್ತಿದ್ದಾರೆ. ಮಲಗಿರುವ ವೈರಸ್ಸನ್ನು ಔಷಧ ಕೊಟ್ಟು ಎಬ್ಬಿಸಿ, ಆ ಕೋಶಗಳನ್ನು ಕೊಲ್ಲುವುದು ಒಂದು. ಅದು ಮತ್ತೆಂದೂ ಏಳದ ಹಾಗೆ ಮಲಗಿಸಿಬಿಡುವುದು ಇನ್ನೊಂದು. ಇದನ್ನು ಪಾಠ ಮಾಡುತ್ತಿದ್ದಾಗ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಕೇಳಿದಳು: "ಮೇಡಂ, ಯಾವತ್ತೂ ಏಳದ ವೈರಸ್ಸಿಗೂ ವೈರಸ್ಸೇ ಇಲ್ಲದ್ದಕ್ಕೂ ವ್ಯತ್ಯಾಸ ಏನು?"

ಆ ದಿನದ ಉಳಿದ ಪಾಠ ಬಿಟ್ಟು ಇದನ್ನೇ ಹಿಡಿದುಕೊಂಡೆ. ನಮ್ಮ ಡಿಎನ್‌ಎಯ ಸುಮಾರು 8 ಪರ್ಸೆಂಟ್, ಎಚ್‌ಐವಿಯ ಹಾಗೆ ಕೋಶದ ಡಿಎನ್‌ಎಗೆ ಸೇರಿಕೊಳ್ಳುವ ಹಳೆಯ ರೆಟ್ರೊವೈರಸ್‌ಗಳಿಂದ ಬಂದದ್ದು. ಲಕ್ಷಾಂತರ, ಕೋಟ್ಯಂತರ ವರ್ಷಗಳ ಹಿಂದೆ ನಮ್ಮ ಪೂರ್ವಜರ ಕೋಶಗಳಿಗೆ ಸೇರಿ ಅಲ್ಲೇ ಉಳಿದವು. ಬಹುಪಾಲು ಮುರಿದು ಹಾಳಾಗಿವೆ. ಉಳಿದವನ್ನು ಎಳೆ ಭ್ರೂಣದಿಂದಲೇ ನಮ್ಮ ರಿಪ್ರೆಸರ್‌ಗಳು ಮುಚ್ಚಿಡುತ್ತವೆ. ಆದರೆ ಒಂದು ಜೀನ್ ಬಸುರಿನಲ್ಲಿ ಏಳುತ್ತದೆ. ಹಿಂದೆ ವೈರಸ್ಸು ಜೀವಕೋಶಕ್ಕೆ ಬೆಸೆದುಕೊಳ್ಳಲು ಬಳಸುತ್ತಿದ್ದ ಪ್ರೋಟೀನ್ ಅದು. ಈಗ ಹೆಸರು ಸಿನ್ಸಿಟಿನ್. ಮಾಸಿನ (ಪ್ಲಸೆಂಟಾದ) ಕೋಶಗಳನ್ನು ಒಂದಕ್ಕೊಂದು ಬೆಸೆದು ತಾಯಿ ಮಗುವಿನ ನಡುವಿನ ಪದರ ಕಟ್ಟುವುದು ಅದರ ಕೆಲಸ. ಹಾಗಾಗಿ ವ್ಯತ್ಯಾಸ ಇದೆ ಅಂದೆ. ಮಲಗಿದ್ದು ಇಲ್ಲದ್ದಕ್ಕೆ ಸಮ ಅಲ್ಲ.

"ಮಾಸಿನಲ್ಲಿ ಅದನ್ನು ಎಬ್ಬಿಸೋದು ಯಾರು ಹಾಗಾದರೆ?" ಅಂತ ಅವಳು ಬಿಡಲಿಲ್ಲ.

ಜಿಸಿಎಂ1 ಅನ್ನೋ ಪ್ರೋಟೀನ್ ಆ ಜೀನಿನ ಮುಂದಿನ ಜಾಗದಲ್ಲಿ ಬಂದು ಕೂರುತ್ತದೆ. ಮುಂದಿನ ವಾರದ ಪಾಠ ಅಲ್ಲಿಂದಲೇ ಶುರು ಮಾಡೋಣ ಅಂದಿದ್ದೇನೆ.